ಅಜ್ಜಯ್ಯ ಈಗ ಆರ್-ಒನ್

ಮಗಳು ಒಂದು ಕಾನ್ಫರೆನ್ಸಿಗೆ ಕಳಿಸಬೇಕಿದ್ದ ಅಬ್‌ಸ್ಟ್ರಾಕ್ಟಿನ, ಅಂದರೆ ಸಂಶೋಧನೆಯ ಸಾರಾಂಶದ, ಕೊನೇ ದಿನಾಂಕ ಮುಂದೆ ಹಾಕಿದ್ದೇವೆ ಅಂತ ಮೇಲ್ ಬಂದದ್ದು ಬೆಳಿಗ್ಗೆ. ರಾತ್ರಿಯೇ ಬಂದಿದ್ದರೆ ನಮ್ಮ ಮನೆಯವರೆಲ್ಲ ಮಲಗಿರುತ್ತಿದ್ದೆವು. ಈ ಕಾನ್ಫರೆನ್ಸ್ ನಡೆಸುವವರಿಗೆ ಇದು ಮೊದಲೇ ಗೊತ್ತಿರುತ್ತದೆ ಅಂತ ನನ್ನ ಅನುಮಾನ. ರಾತ್ರಿ 11:59ರ ತನಕ ಮಕ್ಕಳು ಒದ್ದಾಡಲಿ, ಬೆಳಿಗ್ಗೆ ನೋಡಿಕೊಳ್ಳೋಣ ಅಂತ ಹಾಯಾಗಿ ಮಲಗಿರುತ್ತಾರೆ. ಮುಂಬಯಿ ಹೊರವಲಯದ ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಮಗಳೊಬ್ಬಳು ಎಚ್ಚರ ಇದ್ದರೆ ಇಡೀ ಮನೆಗೇ ಜಾಗರಣೆ. ನಾನಂತೂ ಮರುದಿನ ಫಾಸ್ಟ್ ಲೋಕಲ್‌ನಲ್ಲಿ ದಾದರ್ ತನಕ ನಿಂತೇ ನಿದ್ದೆ ಮಾಡಿದೆ. ಬೀಳುವ ಭಯ ಇಲ್ಲ, ಬೀಳಲಿಕ್ಕೆ ಜಾಗ ಬೇಕಲ್ವಾ.

ಮಗಳದ್ದು ಡಿಗ್ರಿಯ ನಾಲ್ಕನೇ ವರ್ಷ. ನಮಗೆಲ್ಲ ಮೂರೇ ವರ್ಷಕ್ಕೆ ಮುಗಿದು, ನಾಲ್ಕನೇ ವರ್ಷ ಕೆಲಸ ಹುಡುಕುತ್ತಿದ್ದೆವು. ಈಗ ಹೊಸ ಶಿಕ್ಷಣ ನೀತಿಯಲ್ಲಿ ಮೊದಲ ಆರು ಸೆಮಿಸ್ಟರ್‌ನಲ್ಲಿ ಶೇ. 75 ಬಂದರೆ 'ಆನರ್ಸ್ ವಿತ್ ರಿಸರ್ಚ್' ಮಾಡಬಹುದು. ಬಂತು. ಪಕ್ಕದ ಮನೆಗೆಲ್ಲ ಪೇಡೆ ಹಂಚಿದೆವು. ಅದರ ಬೆನ್ನಿಗೇ 12 ಕ್ರೆಡಿಟ್‌ನ ಒಂದು ಪ್ರಬಂಧ ಬರುತ್ತದೆ ಅಂತ ಪೇಡೆ ತಿನ್ನುವಾಗ ಯಾರೂ ಹೇಳಲಿಲ್ಲ. ಅದು ಸಾಲದು ಅಂತ ಅವಳ ಗೈಡ್ ಮೇಡಂ, ಒಂದು ಕಾನ್ಫರೆನ್ಸಿಗೂ ಅಬ್‌ಸ್ಟ್ರಾಕ್ಟ್ ಕಳಿಸಿಬಿಡು ಅಂದರು.

ವಿಷಯ ಅವಳೇ ಆರಿಸಿದ್ದು, ಒಳ್ಳೇದೇ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು. ಊರಿನಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಶಾಲೆಗೆ ಹೋಗಿ ಮೆಟ್ರಿಕ್ ಪಾಸು ಮಾಡುತ್ತಿದ್ದ ಶಾಲೆಗಳು. ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯಿಂದ ಬಂದು ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಓದಿದ್ದು ಹಾಗೆಯೇ. ಗೈಡ್ ಮೇಡಂ ಕೈಗೆ ಹೋಗಿ ಬರುವಷ್ಟರಲ್ಲಿ ಶೀರ್ಷಿಕೆ ಮೂರು ಸಾಲು ಆಗಿತ್ತು. ನಡುವೆ ಒಂದು ಕೋಲನ್, ಕೊನೆಗೆ 'ವಿತ್ ಸ್ಪೆಷಲ್ ರೆಫರೆನ್ಸ್ ಟು'. ರಾತ್ರಿ, ಶಾಲೆ ಎರಡೂ ಎಲ್ಲೋ ಒಳಗೆ ಇದ್ದವು, ಹುಡುಕಬೇಕಿತ್ತು.

ಅಬ್‌ಸ್ಟ್ರಾಕ್ಟ್ 250 ಪದ ಮೀರಬಾರದು. ಐದು ಕೀವರ್ಡ್. ಅದರಲ್ಲಿ 'ಫೈಂಡಿಂಗ್ಸ್' ಕೂಡ ಇರಲೇಬೇಕು. ಸಂಶೋಧನೆ ಈಗಷ್ಟೇ ಶುರುವಾಗಿದೆ ಮಾರಾಯ್ರೆ, ಮುಗಿಯುವುದು ಬರುವ ವರ್ಷ. ಏನು ಸಿಕ್ಕಿತು ಅಂತ ಈಗಲೇ ಹೇಳಬೇಕಂತೆ. ಸಿಗಲಿದೆ ಅಂತ ಬರೆ ಅಂದೆ. ಹಾಗೆ ಬರೆಯಬಾರದಂತೆ.

ಸರಿ, ಅಪ್ಪಯ್ಯನ ಸಂದರ್ಶನವಾದರೂ ಮಾಡು ಅಂದೆ. ಅಲ್ಲಿಂದ ಶುರುವಾಯಿತು. ಸಂದರ್ಶನಕ್ಕೆ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಬೇಕು, ಅದು ನಿಯಮ. ಅವಳು ಎರಡು ಪುಟದ ಕಾಗದ ತಂದು ಅಜ್ಜನ ಮುಂದೆ ಇಟ್ಟಳು.

"ಅಜ್ಜಯ್ಯ, ಇಲ್ಲೊಂದು ಸೈನ್ ಹಾಕಿ."

ಅಪ್ಪಯ್ಯ ಕನ್ನಡಕ ಹಾಕಿದರು. 'ಕನ್ಸೆಂಟ್' ಎಂಬ ಒಂದೇ ಪದ ಓದಿದರು. ಕನ್ನಡಕ ತೆಗೆದರು.

ನಮ್ಮ ಬಿಲ್ಡಿಂಗ್‌ನ ರೀಡೆವಲಪ್‌ಮೆಂಟ್, ಅಂದರೆ ಹಳೇದನ್ನು ಕೆಡವಿ ಹೊಸತು ಕಟ್ಟುವ ಗಲಾಟೆ ನಡೀತಾ ಇದೆ. ಶೇ. 51 ಮಂದಿ ಒಪ್ಪಿದರೆ ಬಿಲ್ಡರ್‌ಗೆ ದಾರಿ ಸಲೀಸು. ಅಪ್ಪಯ್ಯ ಒಪ್ಪದ ಬಣದ ಮುಖಂಡರು.

"ಯಾರು ಕಳಿಸಿದ್ದು ನಿನ್ನ? ಸೊಸೈಟಿ ಸೆಕ್ರೆಟರಿಯಾ?"

"ಅಲ್ಲ ಅಜ್ಜಯ್ಯ, ಕಾಲೇಜು."

"ಕಾಲೇಜಿಗೆ ನಮ್ಮ ಬಿಲ್ಡಿಂಗ್ ಎಂತಕ್ಕೆ?"

ಅವಳು ಪೂರ್ತಿ ಓದಿ ಹೇಳಿದಳು. ಓದಿದಷ್ಟೂ ಕೆಟ್ಟಿತು. 'ನೀವು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು' ಅಂದಾಗ "ಬಿಲ್ಡರೂ ಹಾಗೇ ಹೇಳಿದ್ದ" ಅಂದರು. 'ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ಆರ್-ಒನ್ ಅಂತ ಮಾತ್ರ ಇರುತ್ತದೆ' ಅಂದದ್ದೇ ತಡ, ಎದ್ದು ನಿಂತರು. "ಫ್ಲ್ಯಾಟಿನ ಷೇರ್ ಸರ್ಟಿಫಿಕೇಟಲ್ಲಿ ನನ್ನ ಹೆಸರಿದೆ! ಅದನ್ನ ತೆಗೀತಾರಂತೆ!" ಬಾಲ್ಕನಿಗೆ ಹೋಗಿ ಎದುರು ವಿಂಗಿನ ಕುಲಕರ್ಣಿಯವರನ್ನು ಮರಾಠಿಯಲ್ಲಿ ಕೂಗಿ ಕರೆದರು. ಅವರು ಒಪ್ಪದ ಬಣದ ಉಪ ಮುಖಂಡರು. ಬಂದವರು ನಿಂತಲ್ಲೇ ಎರಡೂ ಪುಟ ಓದಿ, ಕಾರ್ಪೆಟ್ ಏರಿಯಾ ಎಲ್ಲಿ ಬರೆದಿದ್ದಾರೆ ಅಂತ ಕೇಳಿದರು. ನನ್ನ ಹೆಂಡತಿ ಚಹಾ ಇಟ್ಟಳು, ಬೇರೆ ದಾರಿ ಇರಲಿಲ್ಲ. ಚಹಾ ಮುಗಿಯುವಷ್ಟರಲ್ಲಿ ಕುಲಕರ್ಣಿಯವರಿಗೆ ವಿಷಯ ಅರ್ಥವಾಯಿತು, ಅಪ್ಪಯ್ಯನಿಗೆ ಆಗಲಿಲ್ಲ. ಕೊನೆಗೆ, 'ಈ ಸಹಿಗೂ ಬಿಲ್ಡಿಂಗಿಗೂ ಸಂಬಂಧವಿಲ್ಲ' ಅಂತ ಮಗಳು ಕೆಳಗೆ ಕೈಯಲ್ಲಿ ಬರೆದ ಮೇಲೆ ಸಹಿ ಬಿತ್ತು. ಕುಲಕರ್ಣಿಯವರು ಸಾಕ್ಷಿ ಹಾಕಿದರು. ಹಾಗೊಂದು ಜಾಗವೇ ಆ ಕಾಗದದಲ್ಲಿ ಇರಲಿಲ್ಲ, ಆದರೂ ಹಾಕಿದರು.

ಆಮೇಲೆ ಅಪ್ಪಯ್ಯ ಮಾತು ಶುರು ಮಾಡಿದರು. ನಿಲ್ಲಿಸಲಿಲ್ಲ. ಗಲ್ಲಾದ ಮೇಲೆ ಕೂತ ಧಣಿಯ ಕಣ್ಣು ತಪ್ಪಿಸಿ, ಗ್ಲಾಸು ತೊಳೆದ ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಶಾಲೆಗೆ ಓಡಿದ್ದು. ಪುಸ್ತಕದ ಅಂಚಿಗೆಲ್ಲ ಸಾಂಬಾರಿನ ಕಲೆ. ಕೊನೇ ಪಿರಿಯಡ್‌ನಲ್ಲಿ ಅರ್ಧ ಕ್ಲಾಸು ನಿದ್ದೆ ಹೋದರೆ ಮಾಸ್ತರರು ಎಬ್ಬಿಸುತ್ತಿರಲಿಲ್ಲವಂತೆ, ಪಾಠ ಮಾತ್ರ ಸ್ವಲ್ಪ ಮೆಲ್ಲಗೆ ಹೇಳುತ್ತಿದ್ದರಂತೆ. ಅವರೂ ಹಗಲು ಆಫೀಸು ಮುಗಿಸಿ ಬಂದವರೇ. ನಾನು ಇದನ್ನೆಲ್ಲ ಮೊದಲು ಕೇಳಿರಲಿಲ್ಲ. ಕೇಳಬೇಕು ಅಂತ ಅನಿಸಿಯೂ ಇರಲಿಲ್ಲ, ಮನೆಯಲ್ಲೇ ಇರುವವರು, ಎಲ್ಲಿಗೆ ಹೋಗ್ತಾರೆ ಅಂತ.

ಅದೆಲ್ಲ ಅಬ್‌ಸ್ಟ್ರಾಕ್ಟಿನಲ್ಲಿ ಹೀಗೆ ಬಂತು: 'ಆರ್-ಒನ್ ಸಮಯದ ಅಭಾವವನ್ನು ವರದಿ ಮಾಡಿದರು.' ಮಾಸ್ತರರು ಹೋದರು, ಪದ ಸಾಲಲಿಲ್ಲ.

ಕೃತಿಚೌರ್ಯ ತಪಾಸಣೆ ಬೇರೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ. 10ರ ತನಕ ಇದ್ದರೆ ದಂಡ ಇಲ್ಲ. ಇವಳದ್ದು ಜಾಸ್ತಿ ಬಂತು. ಕೆಂಪಾಗಿದ್ದ ಸಾಲುಗಳೆಲ್ಲ ಗೈಡ್ ಮೇಡಂ ಸೇರಿಸಿದವು. ಅಪ್ಪಯ್ಯನ ಒಂದು ಸಾಲು ಜಗತ್ತಿನಲ್ಲಿ ಯಾರದ್ದಕ್ಕೂ ಹೋಲಲಿಲ್ಲ.

ಈಗ ದಿನಾಂಕ ಮುಂದೆ ಹೋಗಿದೆ, ಸಮಯ ಇದೆ, ಇನ್ನೊಮ್ಮೆ 'ಪಾಲಿಶ್' ಮಾಡು ಅಂತ ಮೇಡಂ ಹೇಳಿದ್ದಾರೆ. ಶೀರ್ಷಿಕೆ ನಾಲ್ಕನೇ ಸಾಲಿಗೆ ಇಳಿಯುವ ಎಲ್ಲ ಲಕ್ಷಣ ಇದೆ. ಆಯ್ಕೆಯಾದರೆ ನೋಂದಣಿ ಶುಲ್ಕ ನಾವೇ ಕಟ್ಟಬೇಕು ಅಂತ ಅಪ್ಪಯ್ಯನಿಗೆ ನಿನ್ನೆ ಗೊತ್ತಾಯಿತು.

"ನನ್ನ ಕಥೆ ಹೇಳ್ಲಿಕ್ಕೆ ನಾವೇ ದುಡ್ಡು ಕೊಡೂದಾ?"

"ಊಟ, ಚಹಾ ಎಲ್ಲ ಸೇರಿ ಅಜ್ಜಯ್ಯ."

ಅಪ್ಪಯ್ಯ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ, ಕೇಟರಿಂಗ್ ಯಾರದ್ದು, ಪ್ಲೇಟಿಗೆ ಎಷ್ಟು, ಕೇಳಿ ನೋಡು ಅಂದರು. ಕಾನ್ಫರೆನ್ಸಿನ ಫಾರ್ಮಿನ ಕೊನೆಯಲ್ಲಿ 'ಬೇರೆ ಪ್ರಶ್ನೆಗಳಿದ್ದರೆ' ಅಂತ ಒಂದು ಖಾಲಿ ಜಾಗ ಇದೆ. ಮಗಳು ಅದರಲ್ಲಿ ಹಾಗೇ ಟೈಪ್ ಮಾಡಿ ಕಳಿಸಿದ್ದಾಳೆ.