ಅಂಕ ಆ ಪಟ್ಟಿಗೂ ಇರಲಿ

ಸಾಹಿತ್ಯ, ಇತಿಹಾಸದಂಥ ಮಾನವಿಕ ವಿಷಯಗಳ ಡಿಜಿಟಲ್ ಯೋಜನೆಗಳಿಗೆ ವಿದ್ಯಾರ್ಥಿ ಪ್ರಶಸ್ತಿ ಕೊಡುವಾಗ ಹೊಸತನಕ್ಕೇ ಮೊದಲ ಮನ್ನಣೆ ಸಲ್ಲಬೇಕೆಂದು ಲೇಖನವೊಂದು ವಾದಿಸಿದೆ; ಆ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ್ದರಿಂದಲೇ ಅವು ಇಂದಿಗೂ ಓದಲು ಸಿಗುತ್ತಿವೆ. ಆದರೆ ನಮ್ಮ ಐನ್‌ಮನೆಯ (ಮನೆತನದ ಮೂಲಮನೆಯ) ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಹಿರಿಯರು ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿಯುತ್ತ ಹಾಡಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಬಹುಮಾನ ಪಡೆದ ಕಾಲೇಜು ಮಕ್ಕಳ ಜಾಲತಾಣ, ಸರ್ವರ್ ಬಾಡಿಗೆ ಕಟ್ಟುವವರಿಲ್ಲದೆ ಎರಡೇ ಮಳೆಗಾಲದೊಳಗೆ ಮುಚ್ಚಿಹೋಯಿತು. ಹಾಡಿದವರು ಯಾರು, ಯಾವ ಒಕ್ಕ (ಮನೆತನ), ಯಾವ ಊರು, ಯಾವ ದಿನ ಎಂಬ ಪಟ್ಟಿಯನ್ನು (ಬೇಸರದ ಕೆಲಸವೇ, ನಿಜ) ತೀರ್ಪುಗಾರರು ಕೇಳಿರಲೂ ಇಲ್ಲ. ಆ ಪಟ್ಟಿಗೂ ಅಂಕವಿಟ್ಟು, ಬಹುಮಾನದ ಹಣದಲ್ಲಿ ಒಂದು ಪಾಲನ್ನು ಸರ್ವರ್ ಖರ್ಚಿಗೆ ತೆಗೆದಿರಿಸಿ, ಮೂಲ ಕಡತಗಳ ಒಂದು ನಕಲನ್ನು ಗ್ರಂಥಾಲಯಕ್ಕೆ ಒಪ್ಪಿಸುವುದನ್ನು ನಿಯಮದಲ್ಲೇ ಸೇರಿಸಬೇಕು.