ಪ್ರಾಣಿಗಳ ಬದಲು ಉಕ್ಕು ಕುಣಿಯಲಿ: ‘ಮೇಕೋ’ಗಾಗಿ ಕಾಯುತ್ತಾ

ಇದೇ 2016ರ ಜೂನ್ 10ರಂದು ಅಮೆರಿಕದ ಫ್ಲಾರಿಡಾ ರಾಜ್ಯದ ಆರ್ಲ್ಯಾಂಡೊ ಊರಿನ ಸೀವರ್ಲ್ಡ್ ಉದ್ಯಾನದಲ್ಲಿ ‘ಮೇಕೋ’ ಎಂಬ ಹೊಸ ರೋಲರ್ ಕೋಸ್ಟರ್ ಸಾರ್ವಜನಿಕರಿಗೆ ತೆರೆದುಕೊಳ್ಳಲಿದೆ. 200 ಅಡಿ, ಅಂದರೆ ಸುಮಾರು 61 ಮೀಟರ್ ಎತ್ತರ. ಗಂಟೆಗೆ 117 ಕಿಲೋಮೀಟರ್ ವೇಗ. ಸುಮಾರು 1,450 ಮೀಟರ್ ಉದ್ದದ ಹಳಿ. ಡಿಸ್ನಿ, ಯೂನಿವರ್ಸಲ್‌ನಂಥ ಘಟಾನುಘಟಿಗಳೆಲ್ಲ ಬೀಡುಬಿಟ್ಟಿರುವ ಈ ಊರಿನಲ್ಲಿ ಎತ್ತರ, ವೇಗ, ಉದ್ದ ಈ ಮೂರರಲ್ಲೂ ಇದಕ್ಕೆ ಸಾಟಿಯಾಗುವ ಕೋಸ್ಟರ್ ಇದುವರೆಗೆ ಇರಲಿಲ್ಲ. ಈ ಊರಿನಲ್ಲಿ ನೆಲೆಸಿ, ಬಿಡುವಾದಾಗಲೆಲ್ಲ ಈ ಉದ್ಯಾನಗಳನ್ನು ಸುತ್ತುತ್ತಾ ಬಂದಿರುವ ನನಗೆ ಇಷ್ಟು ಕಾತರ ಹುಟ್ಟಿಸಿದ ಕೋಸ್ಟರ್ ಇನ್ನೊಂದಿಲ್ಲ. ಆದರೆ ಈ ಕಾತರಕ್ಕೆ ಅದರ ಎತ್ತರವೊಂದೇ ಕಾರಣವಲ್ಲ. ಸಮುದ್ರದ ಪ್ರಾಣಿಗಳನ್ನು ಕೊಳದಲ್ಲಿ ಕುಣಿಸಿ ಹೆಸರು ಮಾಡಿದ ಸಂಸ್ಥೆಯೊಂದು ಇನ್ನು ಮುಂದೆ ಜನರನ್ನು ಯಾವ ದಾರಿಯಿಂದ ರಂಜಿಸಬೇಕು ಎಂಬ ಪ್ರಶ್ನೆಗೆ ಈ ಯಂತ್ರದಲ್ಲಿ ಒಂದು ಉತ್ತರವಿದೆ ಎಂದು ನನಗೆ ಬಲವಾಗಿ ಅನಿಸುತ್ತಿದೆ.

ಮೊದಲು ಯಂತ್ರದ ವಿಚಾರಕ್ಕೆ ಬರುತ್ತೇನೆ. 200 ಅಡಿ ಮುಟ್ಟುವ ಕೋಸ್ಟರ್‌ಗಳನ್ನು ಈ ಕ್ಷೇತ್ರದವರು ‘ಹೈಪರ್ ಕೋಸ್ಟರ್’ ಎನ್ನುತ್ತಾರೆ. ಓಹಾಯೊದ ಸೀಡರ್ ಪಾಯಿಂಟ್ ಉದ್ಯಾನದಲ್ಲಿ 1989ರಲ್ಲಿ ತೆರೆದ ‘ಮ್ಯಾಗ್ನಮ್ ಎಕ್ಸ್‌ಎಲ್-200’ರಿಂದ ಈ ಹೆಸರು ಬಳಕೆಗೆ ಬಂತು. ಮೇಕೋವನ್ನು ವಿನ್ಯಾಸ ಮಾಡಿರುವುದು ಸ್ವಿಟ್ಜರ್ಲೆಂಡಿನ ‘ಬೊಲಿಗರ್ ಅಂಡ್ ಮಾಬಿಲಾರ್ಡ್’ ಕಂಪನಿ. ಸೀವರ್ಲ್ಡ್‌ನಲ್ಲಿ ಈಗಾಗಲೇ ಇರುವ ‘ಕ್ರಾಕೆನ್’ (2000) ಮತ್ತು ‘ಮ್ಯಾಂಟಾ’ (2009) ಕೂಡ ಇವರವೇ. ಆ ಎರಡರಲ್ಲೂ ನಾವು ತಲೆಕೆಳಗಾಗುತ್ತೇವೆ. ಕ್ರಾಕೆನ್‌ನಲ್ಲಂತೂ ಏಳು ಸಲ. ಮೇಕೋದಲ್ಲಿ ಒಂದು ಸಲವೂ ತಲೆಕೆಳಗಾಗುವುದಿಲ್ಲ. ಭುಜವನ್ನು ಒತ್ತಿ ಹಿಡಿಯುವ ಪಟ್ಟಿಗಳೂ ಇಲ್ಲ, ತೊಡೆಯ ಮೇಲೆ ಬಂದು ಕೂರುವ ಲ್ಯಾಪ್ ಬಾರ್ ಒಂದೇ ಆಸರೆ. ಲೂಪ್ ಇಲ್ಲದ ಮೇಲೆ ಅದರಲ್ಲಿ ಮಜಾ ಏನಿದ್ದೀತು ಎಂದು ಹಲವರು ಕೇಳಿದ್ದಾರೆ. ಮಜಾ ಇರುವುದು ಉಬ್ಬುಗಳಲ್ಲಿ.

ನಮ್ಮ ಸಾರಿಗೆ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತಿದ್ದಾಗ ಚಾಲಕ ಹಂಪ್ ಗಮನಿಸದೆ ವೇಗವಾಗಿ ದಾಟಿಸಿದರೆ ಒಂದು ಕ್ಷಣ ಸೀಟು ಕೆಳಗೆ ಜಾರಿ ನಾವು ಮೇಲೆಯೇ ಉಳಿಯುತ್ತೇವಲ್ಲ, ಅದನ್ನೇ ಇಲ್ಲಿ ಲೆಕ್ಕ ಹಾಕಿ, ಅಪಾಯವನ್ನು ಕಳೆದು, ಒಂದರ ಹಿಂದೊಂದರಂತೆ ಒಂಬತ್ತು ಸಲ ಒದಗಿಸಲಾಗುತ್ತದೆ. ‘ಏರ್‌ಟೈಮ್’ ಎನ್ನುವುದು ಇದಕ್ಕೇ. ಎಸೆದ ಕಲ್ಲು ಗಾಳಿಯಲ್ಲಿ ಯಾವ ಬಾಗಿನ ಹಾದಿ ಹಿಡಿಯುತ್ತದೆಯೋ ಆ ಹಾದಿಯ ಆಕಾರವನ್ನೇ ಹಳಿಯ ಉಬ್ಬಿಗೂ ಕೊಟ್ಟರೆ, ಬೋಗಿಯೂ ಅದರೊಳಗಿನ ಮನುಷ್ಯನೂ ಒಟ್ಟೊಟ್ಟಿಗೆ ಬೀಳುತ್ತಿರುತ್ತಾರೆ. ಆಗ ಸೀಟು ನಮ್ಮನ್ನು ಒತ್ತುವುದಿಲ್ಲ, ತೂಕವೇ ಇಲ್ಲದಂತೆ ಭಾಸವಾಗುತ್ತದೆ. ಉಬ್ಬನ್ನು ಅದಕ್ಕಿಂತ ಕಡಿದಾಗಿ ಬಾಗಿಸಿದರೆ ಹಳಿಯೇ ಬೋಗಿಯನ್ನು ಕೆಳಗೆಳೆಯುತ್ತದೆ, ಮೈ ಸೀಟು ಬಿಟ್ಟು ಏಳಲು ನೋಡುತ್ತದೆ, ಲ್ಯಾಪ್ ಬಾರ್ ತಡೆಯುತ್ತದೆ. ಬೋಗಿ ಹಳಿ ಬಿಟ್ಟು ಏಳದಿರಲು ಅದಕ್ಕೆ ಮೂರು ಬಗೆಯ ಗಾಲಿಗಳಿರುತ್ತವೆ: ಹಳಿಯ ಮೇಲೆ ಓಡುವವು, ಪಕ್ಕದಿಂದ ತಬ್ಬುವವು, ಅಡಿಯಿಂದ ಹಿಡಿಯುವವು. ಏರ್‌ಟೈಮ್ ಬರುವ ಹೊತ್ತಿನಲ್ಲಿ ಕೆಲಸ ಮಾಡುವುದು ಈ ಅಡಿಯ ಗಾಲಿಗಳು. ಕೆಳಗೆ ನಿಂತು ನೋಡುವವರ ಕಣ್ಣಿಗೆ ಅವು ಬೀಳುವುದೇ ಇಲ್ಲ.

ಇಷ್ಟೆಲ್ಲ ಓಟಕ್ಕೆ ಎಂಜಿನ್ ಇಲ್ಲ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಸರಪಳಿಯೊಂದು ಬೋಗಿಗಳನ್ನು ತುದಿಯವರೆಗೆ ಎಳೆದುಕೊಂಡು ಹೋಗಿ ಬಿಡುತ್ತದೆ. ಅಲ್ಲಿಂದ ಮುಂದಿನದೆಲ್ಲ ಗುರುತ್ವಾಕರ್ಷಣೆಯ ಕೆಲಸ. ಪ್ರೌಢಶಾಲೆಯಲ್ಲಿ ಕಲಿತ ಸೂತ್ರವನ್ನೇ ಹಾಕಿ ನೋಡಿದೆ: 61 ಮೀಟರ್ ಎತ್ತರದಿಂದ ಯಾವ ತಡೆಯೂ ಇಲ್ಲದೆ ಬಿದ್ದರೆ ತಳ ಮುಟ್ಟುವಾಗ ವೇಗ ಗಂಟೆಗೆ ಸುಮಾರು 124 ಕಿಲೋಮೀಟರ್ ಬರುತ್ತದೆ. ಸೀವರ್ಲ್ಡ್ ಹೇಳಿರುವುದು 117. ಗಾಳಿಯ ತಡೆ, ಗಾಲಿಗಳ ಘರ್ಷಣೆ, ತಳದಲ್ಲೂ ಹಳಿ ನೆಲಕ್ಕಿಂತ ತುಸು ಮೇಲಿರುವುದು, ಇವೆಲ್ಲ ಸೇರಿ ನುಂಗಿದ್ದು ಏಳೇ ಕಿಲೋಮೀಟರ್ ಎಂದಾಗ ಆ ಉಕ್ಕಿನ ಕೆಲಸ ಎಷ್ಟು ನುಣುಪಾಗಿರಬೇಕು ಎಂಬುದನ್ನು ಊಹಿಸಬಹುದು. ವಿಜ್ಞಾನ ಓದುವ ಮಕ್ಕಳಿರುವ ಮನೆಯವರು ಹೋಗುವ ಮುನ್ನ ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ ಎಂದು ಕೇಳಿಕೊಳ್ಳುತ್ತೇನೆ. ಕಾಗದದ ಮೇಲೆ ಬಂದ ಸಂಖ್ಯೆ ಮುಖಕ್ಕೆ ಗಾಳಿಯಾಗಿ ಬಡಿಯುವ ಅವಕಾಶ ಪಾಠದ ಕೋಣೆಯಲ್ಲಿ ಸಿಗುವುದಿಲ್ಲ.

ಇನ್ನು ಹೆಸರು ಕೊಟ್ಟ ಪ್ರಾಣಿಯ ವಿಷಯ. ಮೇಕೋ ಎಂಬುದು ತೆರೆದ ಸಾಗರದ ಶಾರ್ಕ್, ಶಾರ್ಕ್‌ಗಳಲ್ಲೇ ಅತಿ ವೇಗದ್ದು. ಹೆಚ್ಚಿನ ಮೀನುಗಳ ಮೈ ಸುತ್ತಲಿನ ನೀರಿನಷ್ಟೇ ತಣ್ಣಗಿರುತ್ತದೆ. ಮೇಕೋ ಹಾಗಲ್ಲ, ಈಜುವ ಸ್ನಾಯುಗಳಲ್ಲಿ ಹುಟ್ಟಿದ ಶಾಖ ಕಿವಿರುಗಳ ಮೂಲಕ ನೀರಿಗೆ ಸೋರಿಹೋಗದಂತೆ ಅದರ ರಕ್ತನಾಳಗಳ ಹೆಣಿಗೆಯೊಂದು ಒಳಗೇ ಉಳಿಸಿಕೊಳ್ಳುತ್ತದೆ. ಬೆಚ್ಚಗಿನ ಸ್ನಾಯು ಬೇಗ ಸ್ಪಂದಿಸುತ್ತದೆ. ಅದರ ವೇಗದ ಗುಟ್ಟುಗಳಲ್ಲಿ ಇದೊಂದು. ಬೇಟೆಯಾಡುವಾಗ ಆಳದಿಂದ ಚಿಮ್ಮುತ್ತದೆ, ಗಾಳಕ್ಕೆ ಸಿಕ್ಕಾಗಲಂತೂ ನೀರಿನಿಂದ ಹಲವು ಅಡಿ ಮೇಲಕ್ಕೆ ಹಾರುತ್ತದೆ. ಸುತ್ತು, ತಿರುಚು, ತಲೆಕೆಳಗು ಯಾವುದೂ ಇಲ್ಲದೆ ಬರೀ ವೇಗ, ಧುಮುಕು, ಮತ್ತೆ ಮೇಲೇಳು ಎಂಬಷ್ಟನ್ನೇ ನೆಚ್ಚಿಕೊಂಡ ಕೋಸ್ಟರ್‌ಗೆ ಈ ಪ್ರಾಣಿಯ ಹೆಸರು ನಿಜಕ್ಕೂ ಒಪ್ಪುತ್ತದೆ. ಎಷ್ಟೋ ಕೋಸ್ಟರ್‌ಗಳಲ್ಲಿ ಪ್ರಾಣಿಯ ಚಿತ್ರ ಬೋಗಿಯ ಮೂತಿಯ ಮೇಲಷ್ಟೇ ಇರುತ್ತದೆ, ಹಳಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಇಲ್ಲಿ ಹಳಿಯೇ ಆ ಪ್ರಾಣಿಯ ನಡೆಯನ್ನು ಹೇಳುತ್ತದೆಂಬುದು ನನ್ನ ನಿರೀಕ್ಷೆ.

ಈ ನಿರೀಕ್ಷೆ ಗಾಳಿಯಲ್ಲಿ ಕಟ್ಟಿದ್ದಲ್ಲ, ಪಕ್ಕದಲ್ಲೇ ಮ್ಯಾಂಟಾ ಇದೆ. ಮ್ಯಾಂಟಾ ಎಂದರೆ ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನುಗಳ ಬಳಗದ ದೈತ್ಯ. ಆ ಕೋಸ್ಟರ್‌ನಲ್ಲಿ ಕೂತ ಮೇಲೆ ಸೀಟುಗಳನ್ನು ಹಿಂದಿನಿಂದ ಎತ್ತಿ ನಮ್ಮನ್ನು ನೆಲದತ್ತ ಮುಖ ಮಾಡಿ ಮಲಗಿಸುತ್ತಾರೆ. ಆ ಭಂಗಿಯಲ್ಲೇ ಪೂರ್ತಿ ಹಾರಾಟ. ಓಟದ ಕೊನೆಯ ಭಾಗದಲ್ಲಿ ಬೋಗಿ ಒಂದು ಬದಿಗೆ ವಾಲಿ ಕೊಳಕ್ಕೆ ತೀರ ಹತ್ತಿರ ಬರುತ್ತದೆ, ರೆಕ್ಕೆ ನೀರನ್ನು ಸೀಳಿದಂತೆ ಬಿಳಿಯ ತುಂತುರು ಸಾಲಾಗಿ ಏಳುತ್ತದೆ. ಇದಕ್ಕಿಂತಲೂ ನನಗೆ ಮೆಚ್ಚುಗೆಯಾದದ್ದು ಅಲ್ಲಿನ ಸರತಿ ಸಾಲು. ಬಿಸಿಲಿನಿಂದ ಒಳಗೆ ಹೆಜ್ಜೆಯಿಟ್ಟರೆ ತಂಪು ಕತ್ತಲು, ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು, ತಲೆಯ ಮೇಲಿನಿಂದ ರೆಕ್ಕೆ ಬೀಸುತ್ತಾ ಸಾಗುವ ತೊರಕೆಗಳ ಬಿಳಿಯ ಹೊಟ್ಟೆ. ಒಮ್ಮೆ ಊರಿನಿಂದ ಬಂದಿದ್ದ ಅತ್ತೆಯವರು ಕೋಸ್ಟರ್ ಹತ್ತುವವರಿಗಲ್ಲದೆ ಬೇರೆಯವರಿಗೂ ಇರುವ ಪ್ರತ್ಯೇಕ ಬಾಗಿಲಿನಿಂದ ಒಳಗೆ ಹೋಗಿ, ನಾವು ಹಾರಾಡಿ ಬಂದ ಮೇಲೂ ಆ ಗಾಜಿನ ಮುಂದಿನಿಂದ ಕದಲಲಿಲ್ಲ. “ನೀವು ಇನ್ನೊಂದು ಸುತ್ತು ಹೋಗಿ ಬನ್ನಿ, ನನಗೆ ಇದೇ ಸಾಕು” ಎಂದುಬಿಟ್ಟರು. ಹತ್ತುವವರು, ಹತ್ತದವರು ಇಬ್ಬರಿಗೂ ಅಷ್ಟು ಕೊಟ್ಟ ಕಟ್ಟಡವದು.

ಆದರೆ ಪ್ರಾಣಿಗಳನ್ನು ಇಟ್ಟುಕೊಳ್ಳುವ ವಿಚಾರದಲ್ಲಿ ತೊರಕೆಯ ತೊಟ್ಟಿಯನ್ನೂ ಓರ್ಕಾದ (‘ಕಿಲ್ಲರ್ ವೇಲ್’ ಎಂದೂ ಕರೆಯುವ, ಡಾಲ್ಫಿನ್ ಬಳಗದ ದೈತ್ಯ ಪ್ರಾಣಿಯ) ಕೊಳವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಓರ್ಕಾಗಳು ಕುಟುಂಬವಾಗಿ ಬದುಕುವ, ದಿನಕ್ಕೆ ಹತ್ತಾರು ಮೈಲಿ ಈಜಬಲ್ಲ, ತಮ್ಮ ಗುಂಪಿನದೇ ಆದ ದನಿಗಳಲ್ಲಿ ಪರಸ್ಪರ ಕರೆಯುವ ಪ್ರಾಣಿಗಳು. ಅವನ್ನು ಕಾಂಕ್ರೀಟ್ ಕೊಳದಲ್ಲಿಟ್ಟು, ಹಾರಿದ್ದಕ್ಕೆ ಮೀನು ಕೊಟ್ಟು, ಸುತ್ತ ಕೂತವರ ಚಪ್ಪಾಳೆಗೆ ಒಗ್ಗಿಸಿದ್ದು ನ್ಯಾಯವಾಗಿರಲಿಲ್ಲ. 2010ರ ಫೆಬ್ರವರಿಯಲ್ಲಿ ಇದೇ ಆರ್ಲ್ಯಾಂಡೊದಲ್ಲಿ ಟಿಲಿಕಮ್ ಎಂಬ ಓರ್ಕಾ ತರಬೇತುಗಾರ್ತಿ ಡಾನ್ ಬ್ರಾಂಶೋ ಅವರನ್ನು ಬಲಿ ತೆಗೆದುಕೊಂಡಿತು. 2013ರಲ್ಲಿ ಆ ಕುರಿತು ಸಾಕ್ಷ್ಯಚಿತ್ರ ಬಂದ ಮೇಲೆ ಜನಾಭಿಪ್ರಾಯ ತಿರುಗಿತು. ಈ ಮಾರ್ಚ್ 17ರಂದು ಸೀವರ್ಲ್ಡ್ ಓರ್ಕಾಗಳ ಸಂತಾನಾಭಿವೃದ್ಧಿಯನ್ನು ನಿಲ್ಲಿಸುವುದಾಗಿ, ಈಗ ತನ್ನಲ್ಲಿರುವುದೇ ಕೊನೆಯ ಪೀಳಿಗೆಯೆಂದು, ನಾಟಕೀಯ ಪ್ರದರ್ಶನಗಳನ್ನು ಹಂತ ಹಂತವಾಗಿ ಕೈಬಿಡುವುದಾಗಿ ಘೋಷಿಸಿತು. ಭಾರತ ಈ ವಿಷಯದಲ್ಲಿ ಮುಂದಿತ್ತೆಂದು ಹೇಳಲು ನನಗೆ ಹೆಮ್ಮೆಯಾಗುತ್ತದೆ: 2013ರ ಮೇ ತಿಂಗಳಲ್ಲೇ ನಮ್ಮ ಪರಿಸರ ಸಚಿವಾಲಯ ದೇಶದಲ್ಲಿ ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅನುಮತಿ ಕೊಡದಂತೆ ಸೂಚಿಸಿತ್ತು.

ಈ ಊರಿನ ನಮ್ಮ ಕನ್ನಡದ ಗೆಳೆಯರಲ್ಲೇ ಕೆಲವರು ಮೇಕೋಗೆ ಟಿಕೆಟ್ ಕೊಳ್ಳುವುದೆಂದರೆ ಆ ಕೊಳವನ್ನು ಪೋಷಿಸಿದಂತೆಯೇ ಎನ್ನುತ್ತಾರೆ. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಈಗಿರುವ ಓರ್ಕಾಗಳು ಇನ್ನೂ ಹಲವು ವರ್ಷ ಅಲ್ಲೇ ಇರುತ್ತವೆ ಎಂಬುದೂ ನಿಜ. ಆದರೂ ನನ್ನ ನಿಲುವು ಬೇರೆ. ಪ್ರದರ್ಶನವನ್ನೇ ನಂಬಿಕೊಂಡ ಸಂಸ್ಥೆಯೊಂದು ಅದನ್ನು ಬಿಟ್ಟು ಬದುಕಬಲ್ಲೆ ಎಂದು ನಂಬಬೇಕಾದರೆ ಜನ ಬೇರೆ ಕಾರಣಕ್ಕೆ ಬರುತ್ತಾರೆಂಬುದು ಅದಕ್ಕೆ ಗೇಟಿನಲ್ಲಿ ಕಾಣಬೇಕು. ಮೇಕೋಗೆ ಸಾಲು ನಿಂತು, ಓರ್ಕಾ ಕ್ರೀಡಾಂಗಣದ ಕಡೆ ಹೆಜ್ಜೆ ಹಾಕದೆ ಮನೆಗೆ ಮರಳುವ ಪ್ರತಿಯೊಬ್ಬ ಸಂದರ್ಶಕನೂ ಆ ನಂಬಿಕೆಗೆ ಬಲ ಕೊಡುತ್ತಾನೆ. ನಮ್ಮ ಕುಟುಂಬ ಮಾಡಲಿರುವುದು ಅದನ್ನೇ. ಉಕ್ಕಿಗೆ ನೋವಿಲ್ಲ, ಮರಿಯನ್ನು ತಾಯಿಯಿಂದ ಅಗಲಿಸಿದ ಸಂಕಟವಿಲ್ಲ. ಅದು ಬೇಕಾದಷ್ಟು ಕುಣಿಯಲಿ, ನಮ್ಮನ್ನೂ ಕುಣಿಸಲಿ.

ಮೇಕೋ ಬಗ್ಗೆ ನನಗಿರುವ ಅಳುಕು ಬೇರೆಯದು. ಕೋಸ್ಟರ್‌ನ ಸುತ್ತ ಮುಳುಗಿದ ಹಡಗಿನ ಅವಶೇಷಗಳಂತೆ ಕಾಣುವ ‘ಶಾರ್ಕ್ ರೆಕ್ ರೀಫ್’ ಎಂಬ ಅಂಗಳವನ್ನು ಕಟ್ಟಲಾಗುತ್ತಿದೆ. ಒಡೆದ ಹಡಗು, ಸುತ್ತ ಶಾರ್ಕ್ ಎಂದ ಕೂಡಲೇ ಕೊಲೆಗಾರ ಮೀನಿನ ಹಳೆಯ ಕಥೆ ಮನಸ್ಸಿಗೆ ತಾನಾಗಿಯೇ ಬರುತ್ತದೆ. ವಾಸ್ತವದಲ್ಲಿ ಮನುಷ್ಯನಿಂದ ವರ್ಷಕ್ಕೆ ಸುಮಾರು 10 ಕೋಟಿ ಶಾರ್ಕ್‌ಗಳು ಸಾಯುತ್ತಿವೆ ಎಂದು ವಿಜ್ಞಾನಿಗಳು 2013ರಲ್ಲಿ ಅಂದಾಜು ಮಾಡಿದ್ದಾರೆ. ರೆಕ್ಕೆಯ ಸೂಪಿಗಾಗಿ, ಮಾಂಸಕ್ಕಾಗಿ, ಬೇರೆ ಮೀನಿಗೆಂದು ಹಾಕಿದ ಗಾಳಕ್ಕೆ ಸಿಕ್ಕಿ ಸಾಯುವ ಈ ಸಾಲಿನಲ್ಲಿ ಮೇಕೋವೂ ಇದೆ. ಶಾರ್ಕ್ ನಿಧಾನವಾಗಿ ಬೆಳೆಯುತ್ತದೆ, ತಡವಾಗಿ ಮರಿ ಹಾಕುತ್ತದೆ. ಬೂತಾಯಿ, ಬಂಗುಡೆಗಳಂತೆ ಬೇಗ ಸಂಖ್ಯೆ ತುಂಬಿಕೊಳ್ಳುವ ಜೀವವಲ್ಲ. ಭಾರತ 2013ರಲ್ಲಿ ರೆಕ್ಕೆ ಕತ್ತರಿಸಿ ದೇಹವನ್ನು ಕಡಲಿಗೆಸೆಯುವುದನ್ನು ತಡೆಯಲು ನಿಯಮ ತಂದಿತು, 2015ರ ಫೆಬ್ರವರಿಯಲ್ಲಿ ಶಾರ್ಕ್ ರೆಕ್ಕೆಯ ರಫ್ತನ್ನೇ ನಿಷೇಧಿಸಿತು. ಇಂಥ ವಿಷಯಗಳು ಆ ಸರತಿ ಸಾಲಿನ ಗೋಡೆಯ ಮೇಲೆ ಇರಬೇಕು. ಸಮುದ್ರಜೀವಿಗಳ ಚಿತ್ರಕಾರರೂ ಸಂರಕ್ಷಣೆಯ ಪ್ರತಿಪಾದಕರೂ ಆದ ಗೈ ಹಾರ್ವಿ ಅವರೊಂದಿಗೆ ಸೀವರ್ಲ್ಡ್ ಕೈಜೋಡಿಸಿರುವುದು ಒಳ್ಳೆಯ ಸೂಚನೆ. ಪಕ್ಕದಲ್ಲೇ ಇರುವ, ಗಾಜಿನ ಸುರಂಗದೊಳಗೆ ನಿಂತರೆ ಶಾರ್ಕ್‌ಗಳು ನೆತ್ತಿಯ ಮೇಲೆ ಹಾಯುವ ‘ಶಾರ್ಕ್ ಎನ್‌ಕೌಂಟರ್’ ಕೂಡ ಈ ಅಂಗಳಕ್ಕೆ ಸೇರಿಕೊಳ್ಳುತ್ತದೆ. ಎದೆ ಇನ್ನೂ ಡವಗುಡುತ್ತಿರುವಾಗಲೇ ಆ ಸುರಂಗಕ್ಕೆ ಹೋದ ಹುಡುಗನಿಗೆ ಶಾರ್ಕ್ ಮೇಲೆ ಹುಟ್ಟುವ ಕುತೂಹಲ ಫಲಕ ಓದಿ ಹುಟ್ಟುವುದಕ್ಕಿಂತ ಗಟ್ಟಿಯಾಗಿರುತ್ತದೆ.

ಸದ್ದಿನ ಬಗ್ಗೆಯೂ ಒಂದು ಮಾತು. ಮೇಕೋವನ್ನು ವಿನ್ಯಾಸ ಮಾಡಿದ ಸ್ವಿಸ್ ಕಂಪನಿಯ ಹಳಿಗಳು ಗುಡುಗುವುದಕ್ಕೆ ಹೆಸರುವಾಸಿ. ಟೊಳ್ಳಾದ ಹಳಿಯೊಳಗೆ ಮರಳು ತುಂಬಿ ಸದ್ದು ತಗ್ಗಿಸುವ ಕ್ರಮ ಕೆಲವೆಡೆ ಇದೆ. ಜೀವಿಗಳ ತೊಟ್ಟಿಗಳಿರುವ ಉದ್ಯಾನದಲ್ಲಿ ಅಂಥ ಎಚ್ಚರ ಕಡ್ಡಾಯವಾಗಿ ಇರಲೇಬೇಕು.

ಹೋಗುವವರಿಗೆ ಕೆಲವು ವಿಷಯ. ಎತ್ತರದ ಮಿತಿ 54 ಇಂಚು, ಅಂದರೆ 137 ಸೆಂಟಿಮೀಟರ್. ನನ್ನ ಮಗಳು ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್‌ನಿಂದ ಆ ಗುರುತು ಹಾಕಿಕೊಂಡಿದ್ದಾಳೆ, ಇನ್ನೂ ಎರಡು ಬೆರಳಷ್ಟು ಬಾಕಿಯಿದೆ. ಹಿಮ್ಮಡಿ ಎತ್ತದೆ ನಿಲ್ಲೆಂದು ಅವಳಮ್ಮ ದಿನವೂ ಹೇಳಬೇಕಾಗಿದೆ. ಅಳತೆಯಲ್ಲಿ ರಿಯಾಯಿತಿ ಕೇಳಬೇಡಿ, ಆ ಲ್ಯಾಪ್ ಬಾರ್ ಮೈಗೆ ಸರಿಯಾಗಿ ಕೂರಲೆಂದೇ ಆ ಮಿತಿ ಇರುವುದು. ಜೂನ್‌ನಲ್ಲಿ ಇಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು, ಮಳೆ ಸಾಮಾನ್ಯ, ಮಿಂಚು ಹತ್ತಿರ ಬಂದರೆ ಕೋಸ್ಟರ್ ನಿಲ್ಲಿಸಿಬಿಡುತ್ತಾರೆ. ಆದ್ದರಿಂದ ಬೆಳಗ್ಗೆ ಗೇಟು ತೆರೆಯುವ ಹೊತ್ತಿಗೇ ಹೋಗುವುದು ಕ್ಷೇಮ. ನೋಟ ಬೇಕೆಂದರೆ ಮುಂದಿನ ಸಾಲು ಆರಿಸಿಕೊಳ್ಳಿ. ಏರ್‌ಟೈಮ್ ಬೇಕೆಂದರೆ ಹಿಂದಿನ ಸಾಲೇ ಸರಿ: ಮುಂದಿನ ಬೋಗಿಗಳು ಆಗಲೇ ಇಳಿಜಾರಿಗೆ ಬಿದ್ದು ಎಳೆಯುತ್ತಿರುವುದರಿಂದ ಹಿಂದಿನವರು ಉಬ್ಬಿನ ನೆತ್ತಿಯನ್ನು ಹೆಚ್ಚು ವೇಗದಲ್ಲಿ ದಾಟುತ್ತಾರೆ, ಸೀಟು ಬಿಟ್ಟು ಏಳುವುದೂ ಹೆಚ್ಚು. ನಾನು ಆ ಸಾಲಿಗೇ ನಿಲ್ಲುವವನು. ಮೊದಲ ವಾರಾಂತ್ಯ, ಅಂದರೆ ಜೂನ್ 11ರ ಶನಿವಾರ, ಆರ್ಲ್ಯಾಂಡೊ, ಟ್ಯಾಂಪಾ ಕಡೆಯಿಂದ ಬರುವವರು ಯಾರಾದರೂ ಇದ್ದರೆ ಕೆಳಗೆ ತಿಳಿಸಿ. ಒಟ್ಟಿಗೇ ಹೋಗೋಣ, ಬುತ್ತಿಗೆ ಚಿತ್ರಾನ್ನ ನಮ್ಮ ಮನೆಯಿಂದ ಬರುತ್ತದೆ, ಅದನ್ನು ತಿನ್ನುವುದು ಮಾತ್ರ ಕೋಸ್ಟರ್‌ನಿಂದ ಇಳಿದು ಕಾರಿನ ಹತ್ತಿರ ಬಂದ ಮೇಲೆ.