ಹೊಂಡಕ್ಕೆ ಬೇಲಿ ಮೊದಲು, ಬುದ್ಧಿಮಾತು ಆಮೇಲೆ

ಮಕ್ಕಳು ಕೃಷಿ ಹೊಂಡಕ್ಕೆ ಬಿದ್ದು ಸಾಯುವುದಕ್ಕೆ ಹೆತ್ತವರ ಅಜಾಗರೂಕತೆಯೇ ಕಾರಣ ಎಂದು ಲೇಖನದಲ್ಲಿ ಬರೆದಿದ್ದೀರಿ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕಳೆ ಕೀಳುವ ತಾಯಿ ದಿನವಿಡೀ ಮಗುವಿನ ಹಿಂದೆ ಓಡಾಡೋಕೆ ಆಗುತ್ತಾ?

ನಮ್ಮ ಹೊಲದಲ್ಲೂ ಹೊಂಡ ಇದೆ. ನೀರು ಇಂಗದಿರಲಿ ಎಂದು ಹಾಸುವ ಪ್ಲಾಸ್ಟಿಕ್ ಹಾಳೆ ಇದೆಯಲ್ಲ, ಅದೇ ಯಮ. ಪಾಚಿ ಕಟ್ಟಿತೆಂದರೆ ಈಜು ಬರುವ ದೊಡ್ಡವರೂ ಮೇಲೆ ಹತ್ತಲು ಒದ್ದಾಡುತ್ತಾರೆ, ಕಾಲಿಟ್ಟಲ್ಲೆಲ್ಲ ಜಾರುತ್ತದೆ. ಒಮ್ಮೆ ಮೇಕೆ ಬಿದ್ದು ಎತ್ತುವಷ್ಟರಲ್ಲಿ ಸಾಕುಬೇಕಾಯಿತು. ಆಮೇಲೆ ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟೆವು, ಹಳೇ ಟೈರು ಕಟ್ಟಿದೆವು. ಖರ್ಚು ಜಾಸ್ತಿ ಏನಿಲ್ಲ.

ನೀರಿನ ಸುತ್ತ ತಡೆ ಕಟ್ಟಿ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಜಾಗ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ತಾಯಂದಿರು ಕೆಲಸದಲ್ಲಿರುವ ಬೆಳಗಿನ ಹೊತ್ತಿಗೆಂದೇ 'ಅಂಚಲ್' ಎಂಬ ಶಿಶುಪಾಲನಾ ಕೇಂದ್ರಗಳನ್ನು ನಡೆಸಿ ಇಂಥ ಸಾವುಗಳನ್ನು ಬಹಳ ಕಡಿಮೆ ಮಾಡಿದ್ದಾರೆ. ನಮ್ಮಲ್ಲಿ ಅಂಗನವಾಡಿ ಆಗಲೇ ಇದೆ, ಅಲ್ವಾ?

ಇನ್ನು ಬೇಲಿ ವಿಷಯ. ಹೊಸ ಹೊಂಡಕ್ಕೆ ಬೇಲಿ ಹಾಕಿಸಬಹುದು, ಸರಿ. ವರ್ಷಗಳ ಹಿಂದೆಯೇ ತೋಡಿ ಹಾಗೇ ಬಿಟ್ಟವುಗಳ ಗತಿ? ಗ್ರಾಮ ಪಂಚಾಯಿತಿಯವರು ಮೊದಲು ಬೇಲಿ ಇಲ್ಲದ ಹೊಂಡಗಳ ಪಟ್ಟಿ ಮಾಡಲಿ. ಶಾಲೆಯ ದಾರಿಯಲ್ಲಿರುವವಕ್ಕೆ ಮಳೆಗಾಲಕ್ಕೆ ಮುಂಚೆಯೇ ತಂತಿ ಬೀಳಲಿ.